ಹಿಂದಿನವು ಹ್ಯಾಂಗಿದ್ರೇನು?

ಕೆಲವು ವರ್ಷಗಳ ಹಿಂದಿನ ಮಾತು. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ನಾನೂ ನಮ್ಮನೆಯವರೂ ಹೋಂ ಥಿಯೇಟರ್ ಕೊಳ್ಳಲು ನಿಂತಿದ್ದೆವು. ಕೊಳ್ಳಲು ನಿಂತವರು ಅವರು, ನಾನು ಚೀಲ ಹಿಡಿದು ಬದಿಗೆ ನಿಂತಿದ್ದೆ ಎಂದರೇ ಸರಿ. ಮುಂದಿನ ಎಡ, ಬಲ, ನಡುವಿನದು, ಈ ಮೂರೂ ಸ್ಪೀಕರ್ ಒಂದೇ ಕಂಪನಿಯವು ಎಂದು ನಿಶ್ಚಯವಾಯಿತು. ಅಷ್ಟರಲ್ಲೇ ರೊಕ್ಕ ನಮ್ಮ ಲೆಕ್ಕ ಮೀರಿತ್ತು. ಆಗ ಅಂಗಡಿಯ ಹುಡುಗ, "ಸರ, ಹಿಂದಿನ ಎರಡು ಬ್ಯಾರೆ ಕಂಪನಿವು ಹಾಕ್ರಿ, ಕಡಿಮಿ ರೇಟಿನಾಗ ಅದಾವು. ಹಿಂದಿನವು ಹ್ಯಾಂಗಿದ್ರೇನ್ರಿ? ಅದರಾಗ ಬರೇ ಮಳಿ, ಗಾಳಿ, ಕಾಗಿ ಒದರೂದು ಬರ್ತೈತಿ" ಎಂದ. ನಮ್ಮವರು ತಲೆಯಾಡಿಸಿದರು. ಎರಡು ಸಾವಿರ ರೂಪಾಯಿ ಉಳಿಯಿತು.

ಆ ಮಾತು ನನ್ನ ಕಿವಿಯಲ್ಲಿ ಕೂತುಬಿಟ್ಟಿತು. ನಾನು ಅದನ್ನು ಕೇಳಿದ್ದು ಅದೇ ಮೊದಲ ಸಲವೇನಲ್ಲ. ಮನೆ ಕಟ್ಟಿಸುವಾಗ ಮುಂದಿನ ಗೋಡೆಗೆ ಬಣ್ಣದ ಮೇಲೆ ಬಣ್ಣ ಬಂತು, ಹಿತ್ತಲ ಗೋಡೆಗೆ ಗಿಲಾವು ಕೂಡ ಆಗಲಿಲ್ಲ. ಲಗ್ನದ ಮನೆಯಲ್ಲಿ ಮೊದಲ ಪಂಕ್ತಿಗೆ ಬಿಸಿ ಹೋಳಿಗೆ, ಬಡಿಸಿದವರು ಕೂಡುವ ಕೊನೆಯ ಪಂಕ್ತಿಗೆ ಬುಟ್ಟಿಯ ತಳದಲ್ಲಿ ಉಳಿದದ್ದು. ಎಲ್ಲಿಯೂ ಇದೇ ನ್ಯಾಯ. ಆದರೆ ಸ್ಪೀಕರ್ ಡಬ್ಬಿಗೂ ಇದೇ ನ್ಯಾಯ ಅನ್ವಯಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ಈ ಲೇಖನ ಆ ಮಾತಿನ ವಿರುದ್ಧ ಬರೆದದ್ದು. ಯಂತ್ರದ ವಿಷಯ ನಮಗೇಕೆ ಎಂದು ಪುಟ ತಿರುವಬೇಡಿ. ಮನೆಯಲ್ಲಿ ಹಿಂದೆ ಕೂಡುವವರು ಯಾರು ಎಂದು ಒಮ್ಮೆ ನೆನೆಸಿಕೊಂಡು ಮುಂದೆ ಓದಿರಿ.

ಹಾನಗಲ್ಲಿನ ನಮ್ಮ ಪಡಸಾಲೆ ಹೀಗಿದೆ. ಮುಂದಿನ ಗೋಡೆಗೆ ಟಿ.ವಿ., ಅದರೆದುರು ಸೋಫಾ. ಸೋಫಾದ ಮೇಲೆ ನಮ್ಮವರು, ಬಂದುಹೋಗುವ ಗಂಡಸರು, ಮಕ್ಕಳು. ಸೋಫಾದ ಹಿಂದೆ ಅಡಿಗೆಮನೆಯ ಹೊಸ್ತಿಲು. ಹೊಸ್ತಿಲ ಬಳಿ ಒಂದು ಬೆತ್ತದ ಕುರ್ಚಿ, ಒಂದು ಮಣೆ. ಕುರ್ಚಿ ನಮ್ಮವ್ವನದು, ಮಣೆ ನನ್ನದು. ಒಲೆಯ ಮೇಲೆ ಹಾಲಿಟ್ಟು, ಮೊರದಲ್ಲಿ ಅಕ್ಕಿ ಹಿಡಿದು ಟಿ.ವಿ. ನೋಡಲು ಅದಕ್ಕಿಂತ ಅನುಕೂಲದ ಜಾಗ ಇಲ್ಲ. ಹಿಂದಿನ ಸ್ಪೀಕರ್ ಎರಡನ್ನೂ ಮೊಳೆ ಹೊಡೆದು ತೂಗುಹಾಕಿದ್ದು ಆ ಹೊಸ್ತಿಲಿನ ಎಡಬಲಕ್ಕೆ, ನಮ್ಮ ತಲೆಯ ಮೇಲೆ. ಅಂದರೆ "ಹ್ಯಾಂಗಿದ್ರೇನು" ಎನ್ನಿಸಿಕೊಂಡ ಆ ಎರಡು ಡಬ್ಬಿ ಸೋಫಾದವರಿಗೆ ಎಂಟು ಅಡಿ ದೂರ, ನಮಗೆ ಎರಡೇ ಅಡಿ. ಮಾತು ಬರುವ ನಡುವಿನ ಸ್ಪೀಕರ್ ನಮಗೆ ಹದಿನೈದು ಅಡಿ ಆಚೆ.

ಇದರ ಫಲ ಏನೆಂಬುದು ತಿಂಗಳೊಳಗೆ ತಿಳಿಯಿತು. ಸಿನಿಮಾದಲ್ಲಿ ಮಳೆ ಬಂದರೆ ನಮಗೆ ತಗಡಿನ ಮೇಲೆ ಗೋಲಿ ಸುರಿದಂತೆ. ಗುಡಿಯ ಗಂಟೆ ಮುಂದೆ ಗಂಟೆಯಾಗಿಯೇ ಮೊಳಗಿ, ನಮ್ಮ ತಲೆಯ ಮೇಲೆ ಬರುವಷ್ಟರಲ್ಲಿ ಸ್ಟೀಲಿನ ವಾಟಗ ಬಿದ್ದ ಸದ್ದಾಗುತ್ತಿತ್ತು. ಮಾತು ಮಾತ್ರ ಅರ್ಧಮರ್ಧ. "ಏನಂದ್ಳು?" ಎಂದು ಅವ್ವ ಕೇಳುವುದು, ನಾನು ಮುಂದಿನವರನ್ನು ಕೇಳುವುದು, ಅವರು "ಸುಮ್ನ ನೋಡ್ರಿ" ಎನ್ನುವುದು. ಅವ್ವನಿಗೆ ಎಂಬತ್ತು ದಾಟಿದೆ. ಮೂರು ತಿಂಗಳಲ್ಲಿ ಮನೆಯವರೆಲ್ಲ ಸೇರಿ ಒಂದು ತೀರ್ಮಾನಕ್ಕೆ ಬಂದರು: ಮುದುಕಿಗೆ ಕಿವಿ ಹೋಗಿವೆ. ಆಮೇಲೆ ಅವ್ವನ ಎದುರಿಗೇ ಅವ್ವನ ಬಗ್ಗೆ ಮಾತಾಡತೊಡಗಿದರು. ಅವಳ ಔಷಧದ ಖರ್ಚು, ಅವಳನ್ನು ಊರಿಗೆ ಯಾವಾಗ ಕಳಿಸುವುದು, ಎಲ್ಲವನ್ನೂ. ಅವಳು ಕೇಳಿಸಿಕೊಳ್ಳುತ್ತಿದ್ದಳು. ಅದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಈ ಐದು ಡಬ್ಬಿಯ ಕತೆ ಏನೆಂದು ನಾನು ತಿಳಿದುಕೊಂಡಿದ್ದೂ ಆಗಲೇ. ಸುಲಭವಾಗಿ ಹೇಳುತ್ತೇನೆ. 1992ರಲ್ಲಿ ಹಾಲಿವುಡ್ಡಿನ 'ಬ್ಯಾಟ್‌ಮನ್ ರಿಟರ್ನ್ಸ್' ಚಿತ್ರ ಡಾಲ್ಬಿ ಡಿಜಿಟಲ್ ಎಂಬ ಹೊಸ ಧ್ವನಿ ಪದ್ಧತಿಯೊಂದಿಗೆ ತೆರೆಗೆ ಬಂತು. ಅದರಲ್ಲಿ ಮುಂದೆ ಮೂರು, ಹಿಂದೆ ಎರಡು, ದಪ್ಪ ಗುಡುಗಿಗೆ ಬೇರೆ ಒಂದು ಹೀಗೆ ದನಿಯ ದಾರಿಗಳಿವೆ. ಅದಕ್ಕೇ 5.1 ಎನ್ನುತ್ತಾರೆ. ಪಾತ್ರಗಳ ಮಾತೆಲ್ಲ ಹೆಚ್ಚಾಗಿ ನಡುವಿನ ದಾರಿಯಲ್ಲಿ ಬರುತ್ತದೆ. ಸುಮಾರು 80 ಹರ್ಟ್ಸಿಗಿಂತ ಕೆಳಗಿನ ದನಿಯನ್ನು ಸಬ್‌ವೂಫರ್ ಎಂಬ ದೊಡ್ಡ ಪೆಟ್ಟಿಗೆಗೆ ಒಪ್ಪಿಸುವುದು ರೂಢಿ, ಏಕೆಂದರೆ ಅಷ್ಟು ತಗ್ಗಿನ ದನಿ ಯಾವ ಕಡೆಯಿಂದ ಬಂತೆಂದು ನಮ್ಮ ಕಿವಿಗೆ ಗೊತ್ತಾಗುವುದು ಕಷ್ಟ. ಅದನ್ನು ಎಲ್ಲಿಟ್ಟರೂ ನಡೆದೀತು. ಉಳಿದ ಐದು ಹಾಗಲ್ಲ. ಅವು ಎಲ್ಲಿವೆ, ಅವುಗಳ ಕಂಠ ಎಂಥದು ಎಂಬುದನ್ನು ಕಿವಿ ಥಟ್ಟನೆ ಹಿಡಿಯುತ್ತದೆ.

ಕಂಠ ಎಂದೆ. ಸ್ಪೀಕರಿಗೂ ಕಂಠವಿದೆ. ಒಂದೇ ಸ್ವರವನ್ನು ಕೊಳಲು ನುಡಿಸಿದರೆ ಬೇರೆ, ಪೇಟಿ ನುಡಿಸಿದರೆ ಬೇರೆ. ಹಾಗೆಯೇ ರೇಷ್ಮೆಬಟ್ಟೆಯ ಟ್ವೀಟರ್ ಇದ್ದ ಡಬ್ಬಿಯ ದನಿ ಒಂದು ಥರ, ಲೋಹದ ಟ್ವೀಟರಿನದು ಇನ್ನೊಂದು ಥರ. ಪೆಟ್ಟಿಗೆಯ ಗಾತ್ರ, ಒಳಗಿನ ಕಾಗದದ ಅಥವಾ ಪ್ಲಾಸ್ಟಿಕ್ಕಿನ ಬುಡ್ಡೆ, ಎಲ್ಲ ಸೇರಿ ಆ ಕಂಠವಾಗುತ್ತದೆ. ಐದೂ ಒಂದೇ ಮನೆತನದವಾಗಿದ್ದರೆ ಮುಂದಿನಿಂದ ಹಿಂದಕ್ಕೆ ಹಾರುವ ಹಕ್ಕಿ ಕೊನೆಯತನಕ ಅದೇ ಹಕ್ಕಿ. ಬೇರೆ ಬೇರೆಯಾದರೆ ನಡುದಾರಿಯಲ್ಲಿ ಹಕ್ಕಿ ಬದಲಾಗುತ್ತದೆ.

ಸವಣೂರಿನಲ್ಲಿ ನನ್ನ ತಂಗಿಯ ಮನೆಯಿದೆ. ಅಲ್ಲಿಗೆ ಹೋದಾಗ ಇದರ ಪೂರ್ತಿ ದರ್ಶನವಾಯಿತು. ಅವಳ ಯಜಮಾನರು ಜಾಣರು. ಹಳೆಯ ಟೇಪ್ ರೆಕಾರ್ಡರಿನ ಎರಡು ಡಬ್ಬಿ, ಗೆಳೆಯ ಕೊಟ್ಟ ಒಂದು, ಹೊಸದಾಗಿ ತಂದ ಎರಡು, ಹೀಗೆ ಐದು ಕೂಡಿಸಿದ್ದರು. ಖಾರ ತಿನ್ನುತ್ತ ಸಿನಿಮಾ ನೋಡಿದೆವು. ತೆರೆಯ ಮೇಲೆ ಒಂದು ಬುಲೆಟ್ ಮೋಟಾರ್‌ಸೈಕಲ್ ಬಂತು. ಎಡಕ್ಕೆ ಬುಲೆಟ್ಟಾಗಿ ಹೊರಟಿತು, ನಡುವೆ ಮೊಪೆಡ್ ಆಯಿತು, ಹಿಂದೆ ಹೋಗುವಷ್ಟರಲ್ಲಿ ಹೊಲಿಗೆ ಯಂತ್ರವಾಗಿತ್ತು. ಎಲ್ಲರೂ ನಕ್ಕೆವು. "ಅಕ್ಕಾರ, ಕೌದಿ ಹೊಲದಂಗ ಹೊಲದೇನ್ರಿ" ಎಂದು ಅವರೇ ತಮಾಷೆ ಮಾಡಿದರು. ತುಂಡು ಬಟ್ಟೆ ಕೂಡಿಸಿ ಕೌದಿ ಹೊಲಿಯುವವರು ನಾವು. ಯಾವ ತುಂಡಿನ ಪಕ್ಕ ಯಾವ ತುಂಡು ಹೊಂದುತ್ತದೆಂದು ನೆಲದ ಮೇಲೆ ಹರಡಿ, ನಾಲ್ಕು ಸಲ ಬದಲಿಸಿ ನೋಡಿಯೇ ಸೂಜಿ ಹಿಡಿಯುತ್ತೇವೆ. ಅವರು ಹೊಂದಿಸಿ ನೋಡದೆ ಹೊಲಿದಿದ್ದರು. ಅಷ್ಟೇ ತಪ್ಪು.

ತಂಗಿಯೇ ಒಂದು ಒಳ್ಳೆಯ ಮಾತು ಹೇಳಿದಳು. ಸವಣೂರಿನ ದೊಡ್ಡಹುಣಸೆ ಮಠದಲ್ಲಿ ಮೂರು ಭಾರಿ ಮರಗಳಿವೆ, ನೋಡಿದವರಿಗೆ ಗೊತ್ತು. ಆಫ್ರಿಕಾದ ಬಾವೊಬಾಬ್ ಜಾತಿಯವು. ಮೂರರ ಸುತ್ತಳತೆ ಒಂದೇ ಅಲ್ಲ, ಆದರೆ ಮೂರೂ ಒಂದೇ ಜಾತಿಯೆಂದು ಕೂಸಿಗೂ ತಿಳಿಯುತ್ತದೆ. "ಹಂಗ ಇರಬೇಕಲ್ಲಕ್ಕಾ, ಹಿಂದಿನ ಡಬ್ಬಿ ಸಣ್ಣವು ಇರವಲ್ದ್ಯಾಕ, ಜಾತಿ ಒಂದ ಇದ್ರಾತು" ಎಂದಳು. ಈ ಯಂತ್ರ ಬಲ್ಲವರು ಹೇಳುವುದೂ ಅದನ್ನೇ. ಹಿಂದಿನ ಸ್ಪೀಕರಿನ ಗಾತ್ರ ಸಣ್ಣದಿರಬಹುದು, ಕಂಠ ಒಂದಾಗಿರಬೇಕು. ನಾನೂ ತಂಗಿಯೂ ಎತ್ತರದಲ್ಲಿ ಅರ್ಧ ಅಡಿ ಹೆಚ್ಚುಕಡಿಮೆ. ಫೋನಿನಲ್ಲಿ ಮಾತ್ರ ನಮ್ಮಿಬ್ಬರ ಗಂಡಂದಿರೂ ಮೋಸ ಹೋಗುತ್ತಾರೆ.

ಇನ್ನು ಶಿಗ್ಗಾಂವಿ. ಮಗಳನ್ನು ಕೊಟ್ಟಿದ್ದು ಅಲ್ಲಿಗೆ. ಅಳಿಯಂದಿರು ಐದನ್ನೂ ಒಂದೇ ಕಂಪನಿಯ ಒಂದೇ ಸಾಲಿನವು ತಂದಿದ್ದಾರೆ. ಸಣ್ಣವು, ಭಾರಿ ಬೆಲೆಯವೇನಲ್ಲ. ಅಲ್ಲಿ ಒಂದು ಸಂಜೆ 'ಸಂತ ಶಿಶುನಾಳ ಶರೀಫ' ಹಾಕಿದರು. ಶರೀಫರು ಅದೇ ತಾಲೂಕಿನ ಶಿಶುನಾಳದವರು, ಹಾಗಾಗಿ ಆ ಮನೆಯಲ್ಲಿ ವರ್ಷಕ್ಕೊಮ್ಮೆಯಾದರೂ ಅದನ್ನು ನೋಡುವುದುಂಟು. 1990ರ ಚಿತ್ರ, ನಾಗಾಭರಣರದು, ಸಂಗೀತ ಸಿ. ಅಶ್ವತ್ಥರದು. ಐದು ಡಬ್ಬಿಯ ಕಾಲದ್ದಲ್ಲ. ಆದರೆ ಆಂಪ್ಲಿಫೈಯರಿನಲ್ಲಿ ಎಲ್ಲ ಡಬ್ಬಿಯಲ್ಲಿಯೂ ಒಂದೇ ಹಾಡು ಹಾಡಿಸುವ ಗುಂಡಿ ಇರುತ್ತದಲ್ಲ, ಅದನ್ನು ಒತ್ತಿದ್ದರು. ನಾನು ಮೊದಲು ಸೋಫಾದ ಮೇಲೆ ಕೂತು ಕೇಳಿದೆ, ಆಮೇಲೆ ಮಗಳ ಜೊತೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ. ತತ್ವಪದ ಅದೇ, ದನಿ ಅದೇ, ದಮ್ಮಡಿಯ ಪೆಟ್ಟೂ ಅದೇ.

ಊರಿಗೆ ಬಂದು ನಮ್ಮ ಮನೆಯಲ್ಲಿ ಅದೇ ಚಿತ್ರ, ಅದೇ ಗುಂಡಿ ಒತ್ತಿ ನೋಡಿದೆ. ಸೋಫಾದ ಮೇಲೆ ಶರೀಫರು ಸಂತರು. ಹೊಸ್ತಿಲ ಬಳಿ ಬಂದರೆ ಮೂಗು ಕಟ್ಟಿದ ಇನ್ನೊಬ್ಬರು ಹಾಡುತ್ತಿದ್ದರು. ಕಾರಣ ಕಷ್ಟದ್ದಲ್ಲ. ದನಿ ಒಂದು ಅಡಿ ದಾಟಲು ಹೆಚ್ಚುಕಡಿಮೆ ಸೆಕೆಂಡಿನ ಸಾವಿರದಲ್ಲೊಂದು ಪಾಲು ಹೊತ್ತು ಬೇಕು. ಹಿಂದಿನ ಡಬ್ಬಿಯ ದನಿ ನಮ್ಮನ್ನು ಮೊದಲು ಮುಟ್ಟುತ್ತದೆ, ಮುಂದಿನದು ಆಮೇಲೆ ಬರುತ್ತದೆ. ಮೊದಲು ಬಂದವನ ಮಾತನ್ನೇ ಕಿವಿ ನಂಬುತ್ತದೆ. ಆ ಮೊದಲನೆಯವನೇ ಕೆಟ್ಟ ಕಂಠದವನಾದರೆ ಹಿಂದಿನಿಂದ ಬಂದ ಒಳ್ಳೆಯ ಕಂಠಕ್ಕೆ ಬೆಲೆಯಿಲ್ಲ.

ಆ ರಾತ್ರಿ ನಾನು ಆಂಪ್ಲಿಫೈಯರಿನ ಪುಸ್ತಕ ಹುಡುಕಿ ತೆಗೆದೆ. ಪ್ರತಿ ಡಬ್ಬಿಯಲ್ಲಿಯೂ ಸರದಿಯಂತೆ 'ಶ್ಶ್' ಎಂಬ ಒಂದೇ ಸಪ್ಪಳ ಬಿಡುವ ಪರೀಕ್ಷೆ ಅದರಲ್ಲಿಯೇ ಇರುತ್ತದೆ. ಎಲ್ಲವೂ ಸಮ ಕೇಳಿಸುತ್ತವೆಯೇ ನೋಡುವುದಕ್ಕೆ. ನಮ್ಮವರು ಅದನ್ನು ಒಂದು ದಿನವೂ ಹಚ್ಚಿರಲಿಲ್ಲ. ಹಚ್ಚಿದೆ. ಎಡ, ನಡು, ಬಲ, ಹಿಂದಿನ ಬಲ, ಹಿಂದಿನ ಎಡ, ಹೀಗೆ ಸುತ್ತು ಬಂತು. ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ಅವ್ವ, ಕೇಳದೆಯೇ ಹೇಳಿದಳು: "ಮುಂದಿನ ಮೂರು ಚಲೋ ಅದಾವು. ಈ ಎರಡಕ್ಕ ನೆಗಡಿ ಬಂದೈತಿ ನೋಡು."

ಕಿವಿ ಹೋಗಿವೆ ಎಂದು ನಾವು ತೀರ್ಪು ಕೊಟ್ಟವಳು ಹೇಳಿದ ಮಾತು ಇದು. ನಮ್ಮವರು ಪೇಪರ್ ಕೆಳಗಿಟ್ಟರು. ಯಾರೂ ಏನೂ ಮಾತಾಡಲಿಲ್ಲ.

ಸುಳ್ಳು ಹೇಳಬಾರದು, ಅವ್ವನ ಕಿವಿಗೆ ವಯಸ್ಸಾಗಿದೆ. ಮುಂದೆ ವೈದ್ಯರಿಗೆ ತೋರಿಸಿದಾಗ ಅವರೂ ಹೇಳಿದರು. ವಯಸ್ಸಾದವರಿಗೆ ಮೊದಲು ಕಡಿಮೆಯಾಗುವುದು ಮೇಲಿನ, ಹರಿತವಾದ ದನಿ. ಮಾತಿನಲ್ಲಿ ಸ, ಶ, ತ ಇಂಥ ಅಕ್ಷರಗಳನ್ನು ಒಂದರಿಂದೊಂದು ಬೇರ್ಪಡಿಸುವುದು ಆ ದನಿಯೇ. ಆದ್ದರಿಂದ ಅವರಿಗೆ ಬೇಕಾದದ್ದು ಮಾತಿನ ಸ್ಪಷ್ಟತೆ. ನಾವು ಮಾಡುವುದೇನು? ಇಡೀ ಸೆಟ್ಟಿನ ದನಿ ಏರಿಸುತ್ತೇವೆ. ಗುಡುಗೂ ಏರುತ್ತದೆ, ನೆಗಡಿಯ ಡಬ್ಬಿಯೂ ಏರುತ್ತದೆ, ಮಾತು ಅವುಗಳ ಕೆಳಗೆ ಹೂತುಹೋಗುತ್ತದೆ. ಏರಿಸಬೇಕಾದದ್ದು ನಡುವಿನ ಒಂದೇ ಸ್ಪೀಕರನ್ನು. ಅದಕ್ಕೆ ಬೇರೆ ಅನುಕೂಲ ಆಂಪ್ಲಿಫೈಯರಿನಲ್ಲಿಯೇ ಇದೆ, ಖರ್ಚು ಒಂದು ಪೈಸೆಯೂ ಇಲ್ಲ.

ಹಿರೇಕೆರೂರಿನ ತವರುಮನೆಯಲ್ಲಿ ಅವ್ವನಿಗೆ ಈ ಕಷ್ಟವೇ ಇರಲಿಲ್ಲ. ಅಲ್ಲಿ ಅಣ್ಣ ಎರಡೇ ಡಬ್ಬಿ ಇಟ್ಟಿದ್ದಾನೆ, ಒಂದೇ ಜೋಡಿಯವು. ಮಣ್ಣಿನ ಗೋಡೆ, ತೊಲೆಯ ಮಾಳಿಗೆ, ಮೂಲೆಯಲ್ಲಿ ಗೋವಿನಜೋಳದ ಚೀಲ, ಹಾಸಿದ ಕಂಬಳಿ. ಸದ್ದು ಅಲ್ಲಿ ಗೋಡೆಗೆ ಬಡಿದು ತಿರುಗಿ ಬರುವುದು ಕಡಿಮೆ. ಅದೇ ಮನೆಯಲ್ಲಿ ಅವ್ವ ಧಾರವಾಡ ಆಕಾಶವಾಣಿ ಕೇಳುತ್ತ ರೊಟ್ಟಿ ಬಡಿದವಳು. 1950ರಲ್ಲಿ ಶುರುವಾದ ಕೇಂದ್ರ ಅದು. ಒಂದೇ ಪೆಟ್ಟಿಗೆ, ಒಂದೇ ಕಂಠ, ಅಡಿಗೆಮನೆಗೂ ಅದೇ, ಪಡಸಾಲೆಗೂ ಅದೇ. ನಮ್ಮ ಹೊಸ ಆರ್.ಸಿ.ಸಿ. ಮನೆಗೆ ಬೋಳು ಗೋಡೆ, ಟೈಲ್ಸಿನ ನೆಲ, ಗಾಜಿನ ಶೋಕೇಸು. ಅದರೊಳಗೆ ಎರಡು ಜಾತಿಯ ಐದು ಡಬ್ಬಿ ತಂದಿಟ್ಟು ಅವ್ವನ ಕಿವಿಯನ್ನು ದೂರಿದೆವು.

ಇನ್ನು ಎದುರು ವಾದಗಳನ್ನು ನೋಡೋಣ. ಅಂಗಡಿಯ ಹುಡುಗನ ಮಾತಿನಲ್ಲಿ ಸತ್ಯವೇ ಇಲ್ಲವೆಂದಲ್ಲ. ಮುಂದಿನ ಮೂರರ ಹೊಂದಾಣಿಕೆ ಎಲ್ಲಕ್ಕಿಂತ ಮುಖ್ಯ, ಹಿಂದಿನವುಗಳಿಗೆ ಕೆಲಸ ಕಡಿಮೆ. ಇದನ್ನು ಒಪ್ಪುತ್ತೇನೆ. ಆದರೆ ಆ ಲೆಕ್ಕವೆಲ್ಲ ಹಾಕಿದ್ದು ನಟ್ಟನಡುವೆ, ಸೋಫಾದ ಮೇಲೆ ಕೂತ ಒಬ್ಬನಿಗಾಗಿ. ಹಿಂದಿನ ಸ್ಪೀಕರ್ ಕೂತವರ ಕಿವಿಯ ನೇರದಿಂದ ತುಸುವೇ ಹಿಂದೆ, ತುಸು ಎತ್ತರದಲ್ಲಿ, ಎಡಬಲಕ್ಕೆ ದೂರ ಇರಬೇಕೆಂಬುದು ನಿಯಮ. ನಮ್ಮ ಮನೆಗಳಲ್ಲಿ ಅದರ ಬುಡದಲ್ಲಿಯೇ ಒಬ್ಬಳು ಕೂತಿರುತ್ತಾಳೆ. ಅವಳು ಲೆಕ್ಕದಲ್ಲಿ ಇಲ್ಲ.

ಎರಡನೆಯದು, ರೊಕ್ಕ ಎಲ್ಲಿಂದ ತರುವುದು? ಇದಕ್ಕೆ ನನ್ನ ಉತ್ತರ ಇಷ್ಟೇ: ರೊಕ್ಕ ಸಾಲದಿದ್ದರೆ ಹಿಂದಿನವನ್ನು ಕೊಳ್ಳಲೇಬೇಡಿ. ಆಂಪ್ಲಿಫೈಯರಿನಲ್ಲಿ 'ಹಿಂದಿನ ಸ್ಪೀಕರ್ ಇಲ್ಲ' ಎಂದು ಗುರುತು ಹಾಕಿದರೆ ಆ ಮಳೆ, ಆ ಗಾಳಿ, ಆ ಕಾಗೆ ಎಲ್ಲ ಮುಂದಿನವುಗಳಲ್ಲೇ ಬರುತ್ತವೆ. ಏನೂ ಕಳೆದುಹೋಗುವುದಿಲ್ಲ. ಒಳ್ಳೆಯ ಎರಡು ಡಬ್ಬಿ ಕೆಟ್ಟ ಐದಕ್ಕಿಂತ ಮೇಲು. ಎರಡು ಸಾವಿರ ಉಳಿಸಿದೆವೆಂದು ಬೀಗಿದ ನಾವು ನಿಜಕ್ಕೂ ಆ ಎರಡು ಡಬ್ಬಿಗೆ ಕೊಟ್ಟಿದ್ದನ್ನು ಕಳೆದುಕೊಂಡಿದ್ದೆವು.

ಮೂರನೆಯದು, ಇದೆಲ್ಲ ಹೆಂಗಸರಿಗೆ ತಿಳಿಯುವಂಥದಲ್ಲ. ಈ ಮಾತಿಗೆ ನನಗೆ ಸಿಟ್ಟೇ ಬರುತ್ತದೆ. ಕುದಿಯುವ ಎಸರಿನ ಸಪ್ಪಳ ಕೇಳಿ ಅನ್ನದ ಹದ ಹೇಳುವವರು, ತೊಟ್ಟಿಲ ಕೂಸಿನ ಅಳು ಹಸಿವೆಯದೋ ಹೊಟ್ಟೆನೋವಿನದೋ ಎಂದು ಇನ್ನೊಂದು ಕೋಣೆಯಿಂದ ತಿಳಿಯುವವರು ನಾವು. ಅದೂ ಈ ಸೀಮೆ ಕಿವಿಯ ಸೀಮೆ. ಕಣ್ಣಿಲ್ಲದಿದ್ದರೂ ನಾದವನ್ನೇ ಬದುಕಾಗಿಸಿಕೊಂಡು, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳಿಗೆ ಸಂಗೀತ ಕಲಿಸಿದ ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹುಟ್ಟಿದ್ದು ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಗಂಗೂಬಾಯಿಯವರು 1913ರಲ್ಲಿ ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದರೂ ಅವರ ಹೆಸರಿನ ಜೊತೆ ಜಗತ್ತು ಸುತ್ತಿದ್ದು ನಮ್ಮ ಹಾನಗಲ್ಲ.

ಅವರ ಹೆಸರು ಬಂತಲ್ಲ, ಕೆಲಸಕ್ಕೆ ಬರುವ ಮಾತೊಂದು ಹೇಳುತ್ತೇನೆ. ಗಂಗೂಬಾಯಿಯವರ ಕಂಠ ಗಂಟಲಿನ ಚಿಕಿತ್ಸೆಯ ನಂತರ ತಗ್ಗಿಗಿಳಿದದ್ದು. ಮೊದಲ ಸಲ ಕೇಳಿದವರು ಗಂಡುದನಿಯೆಂದು ತಿಳಿಯುವುದುಂಟು. ಆ ಭಾರ, ಆ ತುಂಬು ಸಣ್ಣ ಕೆಟ್ಟ ಡಬ್ಬಿಯಲ್ಲಿ ಬರುವುದಿಲ್ಲ, ಮೂಗಿನಲ್ಲಿ ಹಾಡಿದಂತಾಗುತ್ತದೆ. ಸ್ಪೀಕರ್ ಕೊಳ್ಳಲು ಹೋಗುವಾಗ ಅವರ ಒಂದು ಸಿಡಿ ಚೀಲದಲ್ಲಿರಲಿ. ಅಂಗಡಿಯವರು ಬಾಂಬಿನ ಸದ್ದು, ಹೆಲಿಕಾಪ್ಟರ್ ಹಾಕಿ ತೋರಿಸುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ, ಹೆಲಿಕಾಪ್ಟರಿನ ದನಿ ನಮ್ಮಲ್ಲಿ ಎಷ್ಟು ಜನ ಬಲ್ಲರು? ಬಲ್ಲ ಕಂಠವನ್ನು ಹಾಕಿಸಿ. ಮುಂದಿನ ಒಂದು ಡಬ್ಬಿ, ಹಿಂದಿನ ಒಂದು ಡಬ್ಬಿ ಅಕ್ಕಪಕ್ಕ ಇಡಿಸಿ, ಕಣ್ಣು ಮುಚ್ಚಿ ಕೇಳಿ. ಹಾಡುವವರು ಒಬ್ಬರೇ ಎನಿಸಬೇಕು.

ಮನೆಗೆ ತಂದ ಮೇಲೆ ಕೆಂಪು ತಂತಿ ಕೆಂಪಿಗೆ, ಕಪ್ಪು ಕಪ್ಪಿಗೆ ಬಿಗಿದಿದ್ದಾರೆಯೇ ನೋಡಿ, ಒಂದು ಡಬ್ಬಿಗೆ ಅದಲುಬದಲಾದರೂ ದನಿ ಟೊಳ್ಳಾಗುತ್ತದೆ. 'ಶ್ಶ್' ಪರೀಕ್ಷೆ ಹಚ್ಚಿ, ಸೋಫಾದಲ್ಲಿ ಒಮ್ಮೆ, ನಿಮ್ಮ ಮಣೆಯ ಮೇಲೆ ಒಮ್ಮೆ ಕೂತು, ಎರಡೂ ಕಡೆಗೆ ಸಲ್ಲುವಂತೆ ಹಿಂದಿನವುಗಳ ದನಿ ಇಳಿಸಿ. ಬೋಳು ಗೋಡೆಗೆ ಒಂದು ದಪ್ಪ ಕೌದಿ ತೂಗುಹಾಕಿ, ತಿರುಗಿ ಬರುವ ಸದ್ದನ್ನು ಅದು ನುಂಗುತ್ತದೆ. ಹಿಂದೆ ಕೂಡುವವರ ಕುರ್ಚಿಯನ್ನೇ ನಾಲ್ಕು ಅಡಿ ಮುಂದಕ್ಕೆ ತಂದರೆ ಇನ್ನೂ ಒಳ್ಳೆಯದು. ನಾವು ಅವ್ವನ ಬೆತ್ತದ ಕುರ್ಚಿಯನ್ನು ಸೋಫಾದ ಬದಿಗೆ ತಂದೆವು. ನೆಗಡಿಯ ಡಬ್ಬಿಗಳನ್ನು ಇಳಿಸಿ ಅಟ್ಟಕ್ಕೆ ಹಾಕಿದೆವು. ನಡುವಿನ ಸ್ಪೀಕರನ್ನು ತುಸು ಏರಿಸಿದೆವು. ಅಂದಿನಿಂದ ಅವ್ವ "ಏನಂದ್ಳು?" ಎಂದು ಕೇಳುವುದು ಬಹಳ ಕಡಿಮೆಯಾಗಿದೆ. ಅವಳ ಎದುರಿಗೆ ಅವಳ ಮಾತಾಡುವುದನ್ನೂ ಎಲ್ಲರೂ ಬಿಟ್ಟಿದ್ದಾರೆ.

ಮುಂದಿನ ದೀಪಾವಳಿಗೆ ಅದೇ ಅಂಗಡಿಗೆ ಹೋದೆವು. ಈ ಸಲ ಚೀಲ ನಮ್ಮವರ ಕೈಯಲ್ಲಿತ್ತು. ಹುಡುಗ ಅವನೇ, ಮಾತೂ ಅದೇ: "ಹಿಂದಿನವು ಹ್ಯಾಂಗಿದ್ರೇನ್ರಿ ಸರ?"

"ಹಿಂದ ನಾ ಕುಂಡ್ರತೀನಿ ತಮ್ಮಾ" ಎಂದೆ.

ಅವನಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ನಕ್ಕು, ಒಳಗೆ ಹೋಗಿ, ನಮ್ಮ ಮುಂದಿನವುಗಳ ಸಾಲಿನವೇ ಎರಡು ಸಣ್ಣ ಡಬ್ಬಿ ತಂದು ತಂತಿ ಜೋಡಿಸಿದ. ನಾನು ನಮ್ಮವರ ಕೈಯಿಂದ ಚೀಲ ಇಸಿದುಕೊಂಡು ಗಂಗೂಬಾಯಿಯವರ ಸಿಡಿ ತೆಗೆದು ಕೊಟ್ಟೆ.